ನೀಲಿ ಹೆಬ್ಬೆರಳು

ಒಳ್ಳೆಯ ಹತ್ತಿ ಕಾಗದದ ಹಾಳೆಯೊಂದಕ್ಕೆ ಒಂಬತ್ತು ಡಾಲರು. ಬೆರಳುದ್ದದ ಕಡುನೀಲಿ ಟ್ಯೂಬಿಗೆ ಹದಿನೆಂಟು. ಅಳಿಲಿನ ಕೂದಲಿನ ಅಗಲ ಬ್ರಶ್ಶಿನ ಬೆಲೆಯನ್ನು ಲೋರ್ನಾ ಯಾರಿಗೂ ಹೇಳುತ್ತಿರಲಿಲ್ಲ. ಅದನ್ನು ಕೊಂಡ ವಾರವೆಲ್ಲ ಬರೀ ಬೀನ್ಸು ಬೇಯಿಸಿ ತಿಂದಿದ್ದಳು. ನೀರಿಗೆ ಮಾತ್ರ ಅವಳ ಲೆಕ್ಕದಲ್ಲಿ ಜಾಗವಿರಲಿಲ್ಲ. ಅಂಗಡಿಯಲ್ಲಿ ಒಂದು ಕ್ಯಾನಿಗೆ ಒಂದೂವರೆ ಡಾಲರು, ಅಷ್ಟೇ. ಜಲವರ್ಣ ಬಿಡಿಸುವವರು ಬಣ್ಣದ ಬೆಲೆಗೆ ಗೊಣಗುತ್ತಾರೆ, ನೀರನ್ನು ಚೆಲ್ಲುತ್ತಾರೆ.

ಆ ನವೆಂಬರ್ ಸಂಜೆ ಅವಳು ಚೆಲ್ಲಿದ್ದು ಬೇರೆಯವರ ನೀರು.

ಮರಳುಗಾಡಿನ ನಡುವಿನ ಆಹೋ ಊರಿನ ದಕ್ಷಿಣಕ್ಕೆ, ದೇಶದ ಗಡಿಯ ಕಡೆಗೆ ಒಂದು ಕಣಿವೆ. ಕಾರು ನಿಲ್ಲಿಸಿ ಅರ್ಧ ಗಂಟೆ ನಡೆಯಬೇಕು. ಲೋರ್ನಾ ಅಲ್ಲಿ ಸ್ಟ್ಯಾಂಡು ನಿಲ್ಲಿಸಿ, ಹಾಳೆಯ ಮೇಲಿನ ಆಕಾಶವನ್ನಷ್ಟೇ ಒದ್ದೆ ಮಾಡಿದ್ದಳು. ಎಲ್ಲಿಂದಲೋ ಗಾಳಿ ಬೀಸಿ ನೀರಿನ ಡಬ್ಬಿ ಮಗುಚಿತು. ಮರಳು ಅದನ್ನು ಸದ್ದಿಲ್ಲದೆ ಕುಡಿಯಿತು. ಎದುರಿನ ಬೆಟ್ಟ ಆಗಷ್ಟೇ ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು. ಕಾರಿಗೆ ಹೋಗಿ ಬರುವವರೆಗೆ ಆ ಬೆಳಕು ಕಾಯುತ್ತಿರಲಿಲ್ಲ. ಹಾಳೆ ಆಗಲೇ ಅಂಚಿನಿಂದ ಒಣಗತೊಡಗಿತ್ತು.

ಸ್ವಲ್ಪ ಆಚೆ, ಹಸಿರು ಕಾಂಡದ ಪಾಲೋವೆರ್ದೆ ಮರದ ಕೆಳಗೆ, ನೀರು ತುಂಬಿದ ಕ್ಯಾನುಗಳ ಸಾಲಿತ್ತು.

ಅವು ಯಾರಿಗೆಂದು ಅವಳಿಗೆ ಗೊತ್ತಿತ್ತು. ಆ ಊರಲ್ಲಿ ಗೊತ್ತಿಲ್ಲದವರು ಯಾರು? ಗಡಿ ದಾಟಿ ಮರಳುಗಾಡಲ್ಲಿ ದಿನಗಟ್ಟಲೆ ನಡೆದು ಬರುವವರಿಗೆ. ಅವರಲ್ಲಿ ಕೆಲವರು ಊರು ಮುಟ್ಟುವುದೇ ಇಲ್ಲ. ಅದಕ್ಕೇ ಒಂದಿಷ್ಟು ಜನ ಬೆನ್ನ ಮೇಲೆ ನೀರು ಹೊತ್ತು ಅಲ್ಲಲ್ಲಿ ಇಟ್ಟು ಬರುತ್ತಾರೆ. ಒಂದು ಕ್ಯಾನು ತಾನೇ, ನಾಳೆ ಬೆಳಗ್ಗೆ ಬೇರೆ ತಂದಿಟ್ಟರಾಯಿತು ಅಂದುಕೊಂಡು ಲೋರ್ನಾ ಮುಚ್ಚಳದ ಸೀಲು ಮುರಿದಳು.

ಆ ಸಂಜೆಯ ಚಿತ್ರದಂಥದ್ದನ್ನು ಅವಳು ಅದುವರೆಗೆ ಬಿಡಿಸಿರಲಿಲ್ಲ. ಅದಕ್ಕೆ ಬೇಕಾದದ್ದು ಎರಡು ಲೋಟ ನೀರು. ಮಿಕ್ಕಿದ್ದರಲ್ಲಿ ಬಣ್ಣದ ತಟ್ಟೆ ತೊಳೆದಳು, ಕೈ ತೊಳೆದಳು. ಸೀಲು ಮುರಿದ ನೀರನ್ನು ಯಾರು ನಂಬಿ ಕುಡಿಯುತ್ತಾರೆ ಎಂದು ಉಳಿದದ್ದನ್ನು ಮರದ ಬುಡಕ್ಕೆ ಸುರಿದಳು. ಖಾಲಿ ಕ್ಯಾನನ್ನು ಅಲ್ಲೇ ಬಿಟ್ಟು, ಒಣಗಿದ ಚಿತ್ರವನ್ನು ಎದೆಗೊತ್ತಿಕೊಂಡು ಕಾರಿನತ್ತ ನಡೆದಳು.

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಗ್ಗೆಯೇ ಹೊಸ ಕ್ಯಾನು ಹೊತ್ತುಕೊಂಡು ಹೋದಳು. ಆದರೆ ಮರದ ಕೆಳಗೆ ಒಬ್ಬ ಗಂಡಸು ಮಂಡಿಯೂರಿ ಕುಳಿತಿದ್ದ. ನರೆತ ಮೀಸೆ, ಒಗೆದು ಒಗೆದು ಬಣ್ಣ ಕಳೆದುಕೊಂಡ ಅಂಗಿ. ಖಾಲಿ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು, ಹಕ್ಕಿಮರಿಯನ್ನು ನೋಡುವಂತೆ ನೋಡುತ್ತಿದ್ದ.

"ಕುಡಿದಿದಾರೆ," ಅಂದ, ತಲೆಯೆತ್ತಿ. ಕಣ್ಣು ಒದ್ದೆಯಾಗಿತ್ತು. "ಎರಡು ವರ್ಷದಿಂದ ಇಲ್ಲಿ ನೀರು ಇಡ್ತಾ ಇದೀನಿ, ಮೇಡಂ. ಒಬ್ಬರೂ ಮುಟ್ಟಿರ್ಲಿಲ್ಲ. ಒಂದ್ಸಲ ಯಾರೋ ಚಾಕು ಹಾಕಿ ಎಲ್ಲಾ ಹರಿದಿದ್ರು, ಅಷ್ಟೇ. ಇದೇ ಕೊನೆ ಸಲ ಅಂತ ಅಂದ್ಕೊಂಡೇ ಇವತ್ತು ಬಂದೆ. ನೋಡಿ, ಪೂರ್ತಿ ಖಾಲಿ."

ಆಮೇಲೆ ಅವನ ದೃಷ್ಟಿ ಅವಳ ಕೈಯಲ್ಲಿದ್ದ ಕ್ಯಾನಿನ ಮೇಲೆ ಬಿತ್ತು. ಮುಖ ಇನ್ನೂ ಅರಳಿತು.

"ನೀವೂ ನೀರು ಇಡೋಕೆ ಬಂದ್ರಾ?"

ನಿಜ ಹೇಳಲು ಒಂದೇ ಮಾತು ಸಾಕಿತ್ತು. ಲೋರ್ನಾ ಬಾಯಿ ತೆರೆದಳು. ಅಷ್ಟರಲ್ಲಿ ಅವನು ನಕ್ಕ. ಮುಂದಿನ ಹಲ್ಲೊಂದು ಸೊಟ್ಟಗಿತ್ತು. ಅದರಿಂದಾಗಿ ಆ ನಗು ಯಾರಿಂದಲೋ ಬಚ್ಚಿಟ್ಟು ತಂದದ್ದರಂತೆ ಕಾಣುತ್ತಿತ್ತು.

"ಹೌದು," ಅಂದುಬಿಟ್ಟಳು.

ಅವನ ಹೆಸರು ಅನ್ಸೆಲ್ಮೊ. ಊರವರಿಗೆಲ್ಲ ಚೆಮೊ. ಕೊಳಾಯಿ ರಿಪೇರಿ ಅವನ ಕೆಲಸ. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಲೋರ್ನಾ ಗಂಡನನ್ನು ಬಿಟ್ಟು, ಮಿನೆಸೋಟಾದ ಹಿಮವನ್ನೂ ಬಿಟ್ಟು ಬಂದವಳು. ಇಬ್ಬರೂ ಐವತ್ತು ದಾಟಿದವರು. ಇನ್ನು ಇಂಥದ್ದೆಲ್ಲ ತಮಗಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ತೀರ್ಮಾನಿಸಿದ್ದರು.

ಆ ಚಳಿಗಾಲದಲ್ಲಿ ಪ್ರತಿ ಶನಿವಾರ ಅವಳು ಅವನ ಟ್ರಕ್ಕಿನಲ್ಲಿ ಹೋಗತೊಡಗಿದಳು. ಹಿಂದೆ ನೀರಿನ ಕ್ಯಾನುಗಳು, ಅವುಗಳ ನಡುವೆ ಅವಳ ಬಣ್ಣದ ಪೆಟ್ಟಿಗೆ. ಎದುರಿನ ಗಾಜಿನ ಕೆಳಗೆ, ಬೇರೆಯವರು ದೇವರ ಪಟ ಇಡುವ ಜಾಗದಲ್ಲಿ, ಆ ಖಾಲಿ ಕ್ಯಾನು. ಅದರ ಹಿಡಿಯ ಮೇಲೆ ಒಂದು ನೀಲಿ ಗುರುತು.

"ಇದು ಏನ್ ಗೊತ್ತಾ, ಪೇಂಟರಮ್ಮಾ?" ಅಂದ ಚೆಮೊ, ಮೊದಲ ಶನಿವಾರವೇ. "ಹೊಸ ಜೀನ್ಸ್ ಬಣ್ಣ. ಪ್ಯಾಂಟಿಗೆ ಕೈ ಒರೆಸ್ಕೊಂಡು ಕ್ಯಾನು ಎತ್ತಿದಾನೆ. ಇಷ್ಟು ದೂರದ ದಾರಿಗೆ ಅಂತ ಹೊಸ ಜೀನ್ಸ್ ತಗೊಂಡಿದಾನೆ, ಪಾಪ. ತಾಯಿ ಕೊಡಿಸಿರಬೇಕು."

ಅದು ಹದಿನೆಂಟು ಡಾಲರಿನ ಕಡುನೀಲಿ. ಅವಳ ಹೆಬ್ಬೆರಳಿನದೇ ಗುರುತು.

"ಈಗ ಎಲ್ಲಿರಬಹುದು ಅವನು?" ಅಂತ ಕೇಳಿದಳು. ಕೇಳದಿದ್ದರೆ ಅವನು ತನ್ನ ಮುಖ ನೋಡಿಯಾನು ಎಂಬ ಭಯಕ್ಕೆ ಕೇಳಿದಳು.

"ಶಿಕಾಗೋ. ಹೋಟೆಲಲ್ಲಿ ಪಾತ್ರೆ ತೊಳೀತಾ ಇದಾನೆ. ಮ್ಯಾನೇಜರ್ ಕೆಟ್ಟವನು. ಆದ್ರೆ ಅಡುಗೆಯವಳು ಕದ್ದು ಊಟ ಹಾಕ್ತಾಳೆ."

ವಾರ ವಾರಕ್ಕೂ ಹೊಸ ಜೀನ್ಸಿನವನ ಬದುಕು ಬೆಳೆಯಿತು. ಅಡುಗೆಯವಳು ಅವನನ್ನು ನೋಡಿ ನಕ್ಕಳು. ಅವನು ಊರಿಗೆ ದುಡ್ಡು ಕಳಿಸಿದ. ಚಳಿಗೆ ಕೋಟು ಕೊಂಡ. ಲೋರ್ನಾ ನಗುತ್ತಿದ್ದಳು. ಆಗೆಲ್ಲ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಳ್ಳುವುದು ಅಭ್ಯಾಸವಾಯಿತು.

ಒಂದು ದಿನ ಅವಳ ಅಡುಗೆಮನೆಯ ನಲ್ಲಿ ರಿಪೇರಿ ಮಾಡಲು ಬಂದ. ಸಿಂಕಿನ ಕೆಳಗೆ ಅಂಗಾತ ಮಲಗಿಕೊಂಡೇ ಮಾತಾಡಿದ.

"ಎಷ್ಟು ದಿನದಿಂದ ಸೋರ್ತಾ ಇದೆ ಇದು?"

"ಕ್ರಿಸ್ಮಸ್‌ನಿಂದ."

"ಮರಳುಗಾಡಲ್ಲಿ ನೀರು ಸೋರ್ಸೋರನ್ನ ಸೀದಾ ನರಕಕ್ಕೆ ಕಳಿಸ್ತಾರೆ. ಗೊತ್ತಲ್ಲ?"

ಅವಳ ಹೆಬ್ಬೆರಳು ಮುಷ್ಟಿಯೊಳಗೆ ಸೇರಿತು. ಅವನು ತಲೆ ಹೊರಗೆ ಚಾಚಿ, ಕೆಳಗಿನಿಂದಲೇ ಅವಳನ್ನು ನೋಡಿದ. ನೋಟ ತುಸು ಹೆಚ್ಚೇ ಹೊತ್ತು ನಿಂತಿತು.

"ತಮಾಷೆಗೆ ಅಂದೆ. ನೀವು ನರಕಕ್ಕೆ ಹೋದ್ರೆ ನಲ್ಲಿ ರಿಪೇರಿಗೆ ನಾನೂ ಅಲ್ಲಿಗೇ ಬರ್ಬೇಕಾಗತ್ತೆ."

ಅವನ ಮೀಸೆಯಂಚಿನಲ್ಲಿ ಒಂದು ಹನಿ ನೀರು ಸಿಕ್ಕಿಕೊಂಡಿತ್ತು. ಅದನ್ನು ಒರೆಸಲು ಅವಳ ಕೈ ಹೊರಟಿತು. ಹೊರಟ ಬೆರಳು ಯಾವುದೆಂದು ನೋಡಿ ಹಿಂತೆಗೆದುಕೊಂಡಳು.

ಫೆಬ್ರವರಿಯಲ್ಲಿ, ಊರ ನಡುವಿನ ಪ್ಲಾಜಾದ ಕಮಾನುಗಳ ಕೆಳಗೆ ಗ್ಯಾಲರಿ ನಡೆಸುವ ವೆರ್ನಾ ಫೋನು ಮಾಡಿದಳು.

"ನಿನ್ನ ಕಣಿವೆ ಚಿತ್ರ ಹೋಯ್ತು ಕಣೇ. ಯಾರು ತಗೊಂಡ್ರು ಹೇಳು?"

"ಯಾರು?"

"ಆ ಕೊಳಾಯಿ ಮಹರಾಯ. ಬೆಲೆ ಕೇಳಿ ಹೊರಗೆ ಹೋದ. ಪ್ಲಾಜಾ ಸುತ್ತ ಒಂದು ರೌಂಡ್ ಹಾಕಿ ವಾಪಸ್ ಬಂದ. 'ನಮ್ಮವನು ನೀರು ಕುಡಿದ ಜಾಗ ಇದು, ಬೇರೆಯವರ ಗೋಡೆ ಮೇಲೆ ಇರಬಾರ್ದು' ಅಂದ. ಯಾರೇ ಅದು, ನಮ್ಮವನು?"

ಲೋರ್ನಾ ಫೋನು ಹಿಡಿದುಕೊಂಡೇ ನೆಲದ ಮೇಲೆ ಕುಳಿತಳು.

"ಆ ದುಡ್ಡು ಅವನಿಗೆ ವಾಪಸ್ ಕೊಡು, ವೆರ್ನಾ."

"ಪ್ರೀತಿಸೋದು ಇಬ್ಬರ ಇಷ್ಟ. ನನ್ನ ಕಮಿಷನ್ ಯಾಕೆ ಕಳೀತೀಯಾ?"

ಏಪ್ರಿಲ್ ಬಂತು. ಬೇಸಿಗೆಯಲ್ಲಿ ನೀರು ಹೊರುವವರು ಕಡಿಮೆ. ಚಳಿಗಾಲಕ್ಕೆ ಬಂದ ಅರ್ಧ ಜನ ಉತ್ತರಕ್ಕೆ ಹೊರಟುಹೋಗುತ್ತಾರೆ. ಎಲ್ಲ ಜಾಗಕ್ಕೂ ನೀರು ಒಯ್ಯಲಾಗುವುದಿಲ್ಲ. ಕಣಿವೆಯೋ, ಪಶ್ಚಿಮದ ಬಯಲೋ, ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. ಅದನ್ನು ನೀರು ಹೊರುವವರ ಭಾನುವಾರದ ಸಭೆಯಲ್ಲಿ ತೀರ್ಮಾನಿಸುವುದಿತ್ತು. ಬಯಲೇ ಸರಿ ಎಂದು ಕೆಲವರ ವಾದ. ಅಲ್ಲಿ ಹೆಜ್ಜೆ ಗುರುತು ಕಂಡವರಿದ್ದರು. ಕಣಿವೆಯ ಪರ ನಿಂತವನು ಚೆಮೊ ಒಬ್ಬನೇ. ಆದರೆ ಅವನ ಕೈಯಲ್ಲಿ ಸಾಕ್ಷಿಯಿತ್ತು.

ಸಭೆಗೆ ಮೊದಲು ತಿಂಡಿಗೆ ಕರೆದಿದ್ದ. ಅವಳು ಹೋದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಒಲೆಯ ಮುಂದೆ ನಿಂತು, ಮೊಟ್ಟೆಗೆ ಕಾಡುಮೆಣಸು ಚೂರು ಮಾಡಿ ಹಾಕುತ್ತಿದ್ದ. ಒಲೆಯ ಮೇಲ್ಗಡೆ ಗೋಡೆಯಲ್ಲಿ ಅವಳ ಕಣಿವೆ. ಮೇಜಿನ ಮೇಲೆ ಸಭೆಗೆ ಒಯ್ಯಲು ತೊಳೆದಿಟ್ಟ ಆ ಕ್ಯಾನು. ನೀಲಿ ಗುರುತನ್ನು ಮಾತ್ರ ನೀರು ತಾಗದಂತೆ ಕಾಪಾಡಿದ್ದ.

ಅವಳ ತಟ್ಟೆಗೆ ಟೋರ್ಟಿಯಾ ರೊಟ್ಟಿ ಹಾಕುತ್ತ, ತಟ್ಟೆಯನ್ನೇ ನೋಡುತ್ತ ಅಂದ:

"ನನ್ನ ಮನೆ ಚಿಕ್ಕದು. ಆದ್ರೆ ಒಂದು ನಲ್ಲಿನೂ ಸೋರಲ್ಲ. ನೀನು ಬಂದು ಇರ್ತೀಯಾ, ಲೋರ್ನಾ?"

ಐದು ತಿಂಗಳ 'ನೀವು' ಆ ಒಂದು ಮಾತಿನಲ್ಲಿ 'ನೀನು' ಆಗಿತ್ತು. ಅದಕ್ಕಿಂತ ಮೃದುವಾದದ್ದನ್ನು ಅವಳು ಯಾರ ಬಾಯಲ್ಲೂ ಕೇಳಿರಲಿಲ್ಲ. ಹೂಂ ಅಂದರೆ ಸಾಕು, ಎಲ್ಲವೂ ಅವಳದು: ಈ ಅಡುಗೆಮನೆ, ಆ ಸೊಟ್ಟ ಹಲ್ಲಿನ ನಗು, ಶಿಕಾಗೋದ ಕಥೆಗಳು. ಮತ್ತು ಜೂನ್ ತಿಂಗಳ ಬಿಸಿಲಲ್ಲಿ, ಪಶ್ಚಿಮದ ಬಯಲಲ್ಲಿ, ಬರಬೇಕಾದ ನೀರು ಬಾರದೆ ಯಾರೋ ಒಬ್ಬ.

ಅವಳು ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡು, ಹಿಡಿಯ ಮೇಲಿನ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಅದೇ ನೀಲಿ. ಗುರುತಿನ ಒಂದು ಎಳೆಯೂ ಹೊರಗೆ ಉಳಿಯಲಿಲ್ಲ.

ಚೆಮೊ ನೋಡಿದ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆಮೇಲೆ ತಲೆಯೆತ್ತಿ ಗೋಡೆಯ ಮೇಲಿನ ಚಿತ್ರ ನೋಡಿದ.

"ಇದಕ್ಕಾ?"

"ಹೂಂ."

"ಪೂರ್ತಿ ಒಂದು ಕ್ಯಾನಾ?"

"ಎರಡು ಲೋಟ. ಮಿಕ್ಕಿದ್ದು ಮರದ ಬುಡಕ್ಕೆ ಚೆಲ್ಲಿದೆ."

ಬಾಣಲೆಯಲ್ಲಿ ಮೊಟ್ಟೆ ಸೀಯುತ್ತಿತ್ತು. ಅವನು ಒಲೆ ಆರಿಸಿದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಹಾಗಾದ್ರೆ ಯಾರೂ ಬಂದೇ ಇರ್ಲಿಲ್ಲ," ಅಂದ, ತನಗೆ ತಾನೇ ಹೇಳಿಕೊಳ್ಳುವವನಂತೆ. ಕುರ್ಚಿಯ ಮೇಲಿದ್ದ ಟೋಪಿ ತೆಗೆದುಕೊಂಡ. ಬಾಗಿಲಲ್ಲಿ ನಿಂತು ತಿರುಗಿದ. "ನೀವು ತಿಂಡಿ ಮುಗಿಸಿ ಹೋಗಿ. ಬಾಗಿಲು ಎಳ್ಕೊಂಡ್ರೆ ಸಾಕು."

ನೀವು. ಅವನು ಅವಳಿಗೆ ಕೊಟ್ಟ ಶಿಕ್ಷೆ ಅದೊಂದೇ.

ಸಭೆಯಲ್ಲಿ ನಡೆದದ್ದನ್ನು ವೆರ್ನಾ ಯಾರಿಂದಲೋ ಕೇಳಿ ಬಂದು ಹೇಳಿದಳು. ಚೆಮೊ ಎದ್ದು ನಿಂತು, ಕಣಿವೆಯ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ, ನೀರೆಲ್ಲ ಬಯಲಿಗೇ ಹೋಗಲಿ ಅಂದನಂತೆ. ಸಾಕ್ಷಿ ಏನಾಯಿತು ಎಂದು ಯಾರೋ ಕಿಚಾಯಿಸಿದ್ದಕ್ಕೆ, ವಯಸ್ಸಾಯ್ತಲ್ಲ, ಕಣ್ಣು ಮೋಸ ಮಾಡ್ತು ಅಂದನಂತೆ. ಎಲ್ಲರೂ ನಕ್ಕರಂತೆ. ಲೋರ್ನಾಳ ಹೆಸರನ್ನು ಅವನು ಎತ್ತಲೇ ಇಲ್ಲ. ಅವಳಿಗೆ ಹೆಚ್ಚು ಸುಟ್ಟದ್ದು ಅದು.

ಅವಳು ಊರು ಬಿಡಲಿಲ್ಲ. ಬೇರೆಯವರ ಗಾಡಿಯಲ್ಲಿ ಬಯಲಿಗೆ ಹೋಗಿ ನೀರು ಹೊತ್ತಳು. ಮೇ ತಿಂಗಳ ಬಿಸಿಲಿಗೆ ಹೆಗಲ ಚರ್ಮ ಎದ್ದುಬಂತು. ಚೆಮೊನ ಸರದಿ ಬೇರೆ ದಿನ. ಅವಳೇ ಹಾಗೆ ಕೇಳಿ ಮಾಡಿಸಿಕೊಂಡಿದ್ದಳು. ಅಂಗಡಿಯಲ್ಲಿ ಎದುರಾದರೆ ಅವನು ಟೋಪಿ ಮುಟ್ಟುತ್ತಿದ್ದ. "ನೀವು ಚೆನ್ನಾಗಿದೀರಾ?" ಎಂದು ಕೇಳುತ್ತಿದ್ದ. ಅವಳು "ಚೆನ್ನಾಗಿದೀನಿ" ಅನ್ನುತ್ತಿದ್ದಳು.

ಜೂನ್ ಕೊನೆಯ ಒಂದು ಬೆಳಗ್ಗೆ, ಬಿಸಿಲು ಏರುವ ಮೊದಲು, ಊರ ಹೊರಗಿನ ಹಳೆಯ ತಾಮ್ರದ ಗಣಿಯ ದಿಬ್ಬದ ಮೇಲೆ ಲೋರ್ನಾ ಸ್ಟ್ಯಾಂಡು ಹಾಕಿದ್ದಳು. ಕಣಿವೆಯ ಆ ಸಂಜೆಯ ನಂತರ ಕೈ ಬೇರೆಯಾಗಿಬಿಟ್ಟಿತ್ತು. ಒಂದು ಹನಿ ನೀರಿಗೂ ಲೆಕ್ಕ ಹಾಕಿ ಹಾಕಿ ಚಿತ್ರಗಳೆಲ್ಲ ಬಿಗಿದುಕೊಂಡಿದ್ದವು. ಹಿಂದೆ ಟ್ರಕ್ಕು ನಿಂತ ಸದ್ದಾಯಿತು. ಅವಳು ತಿರುಗಲಿಲ್ಲ. ಆ ಇಂಜಿನ್ನಿನ ಕೆಮ್ಮು ಅವಳಿಗೆ ಗೊತ್ತಿತ್ತು.

"ಬಯಲಲ್ಲಿ ಕ್ಯಾನುಗಳು ಖಾಲಿಯಾಗಿದಾವೆ," ಅಂದ ಚೆಮೊ. "ಒಂದೂ ಉಳಿದಿಲ್ಲ. ಮಗುವಿನ ಹೆಜ್ಜೆ ಗುರುತೂ ಇತ್ತು."

ಅವಳ ಬ್ರಶ್ಶು ನಿಂತಿತು.

"ಬಣ್ಣ ಇತ್ತಾ ನೋಡಿದ್ರಾ?" ಅಂದಳು, ತೀರ ಸಣ್ಣ ದನಿಯಲ್ಲಿ.

"ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡ್ದೆ. ಇರ್ಲಿಲ್ಲ." ಅವನು ಎರಡು ಹೆಜ್ಜೆ ಹತ್ತಿರ ಬಂದ. "ನೋಡಿದ ತಕ್ಷಣ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ಟ್ರಕ್ ಹತ್ತಿ ಪಕ್ಕದ ಸೀಟಿಗೆ ಹೇಳೋಕೆ ಹೊರಟೆ. ಖಾಲಿ ಸೀಟು."

ಅವನ ಕೈಯಲ್ಲಿ ಎರಡು ಕ್ಯಾನುಗಳಿದ್ದವು. ಎರಡರ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವಳ ಸ್ಟ್ಯಾಂಡಿನ ಕಾಲ ಬಳಿ ಒಂದೊಂದಾಗಿ ಇಟ್ಟ.

"ಇದು ಬಣ್ಣಕ್ಕೆ. ಇದು ಕುಡಿಯೋಕೆ. ಎರಡನ್ನೂ ಕಲಸಬೇಡ ನೀನು."

ಲೋರ್ನಾಳ ಕಣ್ಣಿನಿಂದ ಬಿದ್ದದ್ದು ಹಾಳೆಯ ಮೇಲಿನ ಆಕಾಶಕ್ಕೆ ಬಿದ್ದು ಹರಡಿತು. ಚೆಮೊ ಬಗ್ಗಿ ನೋಡಿದ.

"ಮೋಡ ಬಂತು," ಅಂದ. "ಬಿಡು, ಮಳೆಗಾಲ ಹತ್ತಿರಾನೇ ಇದೆ."

ಅವಳು ನಗುತ್ತ ಅವನ ಮೀಸೆಯಂಚನ್ನು ಹೆಬ್ಬೆರಳಿಂದ ಮುಟ್ಟಿದಳು. ಈ ಸಲ ಕೈ ಹಿಂತೆಗೆದುಕೊಳ್ಳಲಿಲ್ಲ. ಮೀಸೆಗೆ ನೀಲಿ ಹತ್ತಿತು.

ಬೇಸಿಗೆ ಮುಗಿಯುವ ಮೊದಲು ಅವಳು ಅವನ ಚಿಕ್ಕ ಮನೆಗೆ ಬಂದಳು. ಕಣಿವೆಯ ಚಿತ್ರವನ್ನು ಒಲೆಯ ಮೇಲಿನಿಂದ ಯಾರೂ ತೆಗೆಯಲಿಲ್ಲ. ಶನಿವಾರ ಟ್ರಕ್ಕಿನಲ್ಲಿ ಹೋಗುವಾಗ ಅವರು ಬಯಲಿನ ಬಗ್ಗೆ, ಟೈರಿನ ಬೆಲೆಯ ಬಗ್ಗೆ, ವೆರ್ನಾಳ ಕಮಿಷನ್ನಿನ ಬಗ್ಗೆ ಮಾತಾಡುತ್ತಾರೆ. ಶಿಕಾಗೋದ ಮಾತು ಬರುವುದಿಲ್ಲ. ಒಂದೊಂದು ಸಲ ಚೆಮೊ ಏನೋ ಹೇಳಲು ಹೊರಟವನು ಗಾಜಿನ ಕೆಳಗೆ ಆ ಕ್ಯಾನಿದ್ದ ಖಾಲಿ ಜಾಗ ನೋಡಿ ಸುಮ್ಮನಾಗುತ್ತಾನೆ. ಲೋರ್ನಾಗೆ ಅದು ಕಾಣುತ್ತದೆ.

ಅವಳಿಗೆ ಅವನು ಸಿಕ್ಕಿದ. ಅವನಿಗೆ ಅವಳು ಸಿಕ್ಕಳು. ಹೊಸ ಜೀನ್ಸಿನವನು ಮಾತ್ರ ಅವನಿಗೆ ಮತ್ತೆ ಸಿಗಲಿಲ್ಲ.