ಸೈಕಲ್ ಶೆಡ್ಡಿಗೆ ಬಾಗಿಲು ಯಾವ ಬದಿಗೆ?

“ಬಾಗಿಲು ರಸ್ತೆ ಬದಿಗೇ ಬೇಕು,” ಎಂದು ದೀಪಾ ಪಾಯದ ಗುಂಡಿಗೇ ಇಳಿದು ನಿಂತುಬಿಟ್ಟಳು. ಅವಳ ಅಪ್ಪ ಪ್ರಕಾಶ ಎತ್ತಿದ ಗುದ್ದಲಿ ಎತ್ತಿದ ಹಾಗೇ ಉಳಿಯಿತು.

“ಮೊದ್ಲು ಮೇಲೆ ಹತ್ತು ಮಗಾ. ಕಾಲಿಗೆ ತಾಗ್ತದೆ.”

“ಬಾಗಿಲು ಅಲ್ಲೇ ಇಡ್ತೆ ಅಂತ ಹೇಳು. ಆಮೇಲೇ ಹತ್ತೂದು.”

ಹಿತ್ತಲಲ್ಲಿ ಸೌದೆ ಒಣಗಿಸುತ್ತಿದ್ದ ಅಜ್ಜಿಗೆ ನಗು ಬಂತು. “ಅದು ಪಡುವಣ ಬದಿ. ಮಳೆಗಾಲ ಹಿಡಿದ್ರೆ ಸಮುದ್ರದ ಗಾಳಿ ಮಳೆನೆಲ್ಲ ತಂದು ಒಳಗೇ ಸುರೀತದೆ.”

ಮಳೆಯ ಚಿಂತೆ ದೀಪಾಗೆ ಎಲ್ಲಿತ್ತು? ಅವಳ ತಲೆಯಲ್ಲಿ ಇದ್ದದ್ದು ಶಾಲೆಯ ಗೆಳತಿ ಅಮಿತಾ. ಅಪ್ಪ ಕಾರವಾರದಿಂದ ಹೊಸ ಸೈಕಲ್ ತಂದಿದ್ದಾರೆ ಅಂದರೆ ಅವಳು ನಂಬಿರಲೇ ಇಲ್ಲ. “ಬಂಡಲ್ ಬಿಡ್ಬೇಡ ಮಾರಾಯ್ತಿ. ಇದ್ರೆ ಓಡಿಸಿ ತೋರ್ಸು ನೋಡ್ವಾ,” ಅಂದಿದ್ದಳು. ಓಡಿಸುವುದೇ ಕಷ್ಟ. ದೀಪಾಳ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಶೆಡ್ಡಿನ ಬಾಗಿಲು ರಸ್ತೆಗೆ ಕಾಣುವ ಹಾಗಿದ್ದರೆ ಅಮಿತಾ ಹೋಗ್ತಾ ಬರ್ತಾ ನೋಡಿ ಸುಮ್ಮನಾಗುತ್ತಾಳೆ.

“ಪಾಯಕ್ಕೆ ನಾಲ್ಕೂ ಬದಿ ಒಂದೇ. ಬಾಗಿಲು ಆಮೇಲೆ ನೋಡ್ವಾ,” ಅಂದರು ಅಪ್ಪ. ದೀಪಾ ಮೇಲೆ ಹತ್ತಿದಳು.

ಗುಂಡಿಗೆ ಕಲ್ಲುಚೂರು ತುಂಬಿ ಗುದ್ದಿ, ಮೇಲೆ ದಾರ ಹಿಡಿದು ಕೆಂಪು ಚಿರೇಕಲ್ಲು ಕೂರಿಸಿದರು. ಪಾಯ ಸಮ ಇದೆಯೋ ಇಲ್ಲವೋ ನೋಡಲು ಉದ್ದದ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ದೀಪಾಳ ಕೈಗೆ ಕೊಟ್ಟರು. ನೀರು ಎಲ್ಲಿಗೆ ಬಂತು ಅಂತ ಬಗ್ಗಿ ನೋಡಹೋಗಿ ಅವಳು ತನ್ನ ತುದಿಯನ್ನೇ ಬಗ್ಗಿಸಿದಳು. ಅರ್ಧ ನೀರು ಅವಳ ಲಂಗದ ಮೇಲೆ.

“ಸ್ನಾನ ಆಯ್ತಲ್ಲ, ಇನ್ನು ಹಿಡ್ಕೊ ಸರಿಯಾಗಿ,” ಎಂದರು ಅಪ್ಪ.

ಗಾಳಿಮರದ ಕಂಬ ನಿಂತವು. ಮೇಲೆ ಶೀಟು ಬಂತು. ಗೋಡೆ ಇನ್ನೂ ಏಳಬೇಕಿತ್ತು. ಆದರೂ ದೀಪಾ ಸೈಕಲ್ ತಂದು ಒಳಗೆ ನಿಲ್ಲಿಸಿದಳು.

ಅಂದೇ ಸಂಜೆ ಮಳೆ ಬಂತು. ಮೇಲಿನಿಂದ ಬಂದಿದ್ದರೆ ಶೀಟು ತಡೆಯುತ್ತಿತ್ತು. ಅದು ರಸ್ತೆಯ ಬದಿಯಿಂದ ಅಡ್ಡಡ್ಡ ಬಂದು ದೀಪಾಳ ಮುಖಕ್ಕೇ ಹೊಡೆಯಿತು. ಅವಳು ಸೈಕಲ್ಲನ್ನು ಎಳೆದುಕೊಂಡು ಮೂಡಣದ ಮೂಲೆಗೆ ಓಡಿದಳು. ಅಲ್ಲಿ ಮಾತ್ರ ನೆಲ ಒಣಗಿತ್ತು.

ಮರುದಿನ ಅವಳೇ ಹೇಳಿದಳು, “ಅಪ್ಪಾ, ರಸ್ತೆ ಬದಿಗೆ ಗೋಡೆ ಕಟ್ಟು.” ಇನ್ನು ಅಮಿತಾಗೆ ಕಾಣುವುದು ಬರೀ ಗೋಡೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಒಂದು ಸಂಜೆ ಅಮಿತಾಳ ಕೊಡೆ ದೀಪಾಳ ಮನೆಯ ಎದುರೇ ಗಾಳಿಗೆ ಉಲ್ಟಾ ಮಗುಚಿತು. ದೀಪಾ ಅವಳ ಕೈ ಹಿಡಿದು ಶೆಡ್ಡಿನ ಹಿಂಬದಿಯ ಬಾಗಿಲಿಗೆ ಕರೆದುಕೊಂಡು ಓಡಿದಳು.

ಒಳಗೆ ಸೌದೆ, ಸೈಕಲ್, ದೀಪಾ. ಅಷ್ಟಕ್ಕೇ ಜಾಗ ಮುಗಿದಿತ್ತು. ಅಮಿತಾ ಬಾಗಿಲಲ್ಲೇ ನಡುಗುತ್ತ ನಿಂತಳು. ಮಾಡಿನ ಶೀಟಿನಿಂದ ಇಳಿದ ನೀರು ಅವಳ ಬೆನ್ನಿಗೇ ಬೀಳುತ್ತಿತ್ತು. “ಈಗ ನಂಬ್ತ್ಯಾ?” ಎಂದು ಕೇಳಲು ರಜೆಯೆಲ್ಲ ಕಾದ ಮಾತು ದೀಪಾಳ ಬಾಯಿ ತುದಿಗೆ ಬಂದಿತ್ತು. ಅದನ್ನು ಬಿಟ್ಟು ಅವಳು ಸೈಕಲ್ಲನ್ನು ಮಳೆಗೆ ದೂಡಿದಳು.

“ಅಯ್ಯೋ, ಹೊಸ ಸೈಕಲ್ ಅಲ್ವನೇ, ಒದ್ದೆ ಆಗ್ತದೆ.”

“ಒರೆಸಿದ್ರಾಯ್ತು. ನೀ ಒಳಗೆ ಬಾ.”

ಇಬ್ಬರೂ ಸೌದೆಯ ಮೇಲೆ ಅಂಟಿಕೊಂಡು ಕೂತರು. ಅಮಿತಾ ಕೇಳಿದಳು, “ಓಡ್ಸೂಕೆ ಬರ್ತದಾ ನಿಂಗೆ?”

ಬರ್ತದೆ ಅನ್ನಬಹುದಿತ್ತು. ಈ ಮಳೆಯಲ್ಲಿ ಓಡಿಸಿ ತೋರಿಸು ಅಂತ ಯಾರೂ ಕೇಳುವುದಿಲ್ಲ.

“ಇಲ್ಲ. ಪೆಡಲಿಗೆ ಕಾಲೇ ಎಟಕೂದಿಲ್ಲ.”

ಅಮಿತಾ ಬಿದ್ದು ಬಿದ್ದು ನಕ್ಕಳು. ದೀಪಾಗೂ ನಗು ತಡೆಯಲಾಗಲಿಲ್ಲ.

“ನಂಗೂ ಮೊದ್ಲು ಎಟಕ್ತಿರ್ಲಿಲ್ಲ. ಮಳೆ ಬಿಡ್ಲಿ, ನೀ ನಿಂತೇ ತುಳಿ, ನಾ ಹಿಂದೆ ಹಿಡ್ಕೊಳ್ತೆ,” ಅಂದಳು ಅಮಿತಾ.

ಗೋಡೆಯ ಆಚೆ ರಸ್ತೆಯಲ್ಲಿ ಯಾರೋ ಮಾತಾಡುತ್ತ ಹೋದರು. ಅವರಿಗೂ ಸೈಕಲ್ ಕಾಣಬೇಕಿತ್ತು ಅಂತ ದೀಪಾಗೆ ಅನ್ನಿಸಲೇ ಇಲ್ಲ.