ಉಗುಳಿನ ನಳಿಗೆ

“ಒಂದು ತಾಸಿನ್ಯಾಗ ಏನರ ತಿಂದೀರೇನ್ರಿ? ಮಿಶ್ರಿ ತಿಕ್ಕೀರೇನ್ರಿ?”

ಉಗುಳು ಪರೀಕ್ಷೆಯ ಮೇಜಿನ ಹಿಂದೆ ತಲೆ ತಗ್ಗಿಸಿ ಫಾರ್ಮ್ ತುಂಬುತ್ತಿದ್ದ ಲ್ಯಾಬಿನವನ ದನಿ ಕೇಳಿ ಫರಹೀನಳ ಎದೆ ಧಸಕ್ಕೆಂದಿತು. ಬಿಲಾಲ! ಎರಡು ತಿಂಗಳ ಹಿಂದೆ ಅವಳನ್ನು ನೋಡಲು ಬಂದಿದ್ದ ಹುಡುಗ. ಪಸಂದ ಇಲ್ಲವೆಂದು ಅವಳೇ ವಾಪಸು ಕಳಿಸಿದ್ದ ಹುಡುಗ!

ನಿಪ್ಪಾಣಿಯ ಬೀಡಿ ಕಟ್ಟುವವರ ಓಣಿಯಲ್ಲಿ ಅಂದು ಬಾಯಿ ಕ್ಯಾನ್ಸರ್ ತಪಾಸಣೆ ಶಿಬಿರ. ಆಗಷ್ಟೇ ಡಾಕ್ಟರ್ ಶುಭಾಂಗಿ ಅವಳ ಕೆನ್ನೆಯ ಒಳಗೆ ಬ್ಯಾಟರಿ ಬಿಟ್ಟು ನೋಡಿದ್ದರು. “ಬಿಳೀ ಕಲೆ ಐತಿ. ಕಣ್ಣಿಗೆ ಕಂಡದ್ದಷ್ಟ ಸಾಲಂಗಿಲ್ಲ, ಉಗುಳೂ ಪರೀಕ್ಷಾ ಮಾಡೂಣು. ಅನುಮಾನ ಉಳದ್ರ ಕಲೆದ್ದ ಸಣ್ಣ ತುಣುಕು ತಗದು ನೋಡೂದು.”

ಕಲೆಯ ಗುಟ್ಟು ಅವಳಿಗೆ ಗೊತ್ತಿಲ್ಲವೇ? ಹುರಿದ ತಂಬಾಕಿನ ಪುಡಿ, ಮಿಶ್ರಿ. ಬೆಳಿಗ್ಗೆ ಎದ್ದರೆ ಅದು, ಬೀಡಿ ಕಟ್ಟುತ್ತ ಕೂತರೂ ಅದು. ಈಗಷ್ಟೇ ತಿಕ್ಕಿ ಬಂದಿದ್ದಳು ಮಹಾರಾಯಿತಿ!

ನಿಜ ಹೇಳುವುದಾದರೂ ಹೇಗೆ? ‘ನಮ್ಮ ಹುಡುಗಿ ಮಿಶ್ರಿ ಮುಟ್ಟಿದಾಕೀನ ಅಲ್ಲ’ ಎಂದು ಇವನ ಮನೆಯವರ ಮುಂದೆ ಹೆಮ್ಮೆಯಿಂದ ಹೇಳಿದ್ದ ಅಮ್ಮಿ ಮೈಮುನಾ ಬೆನ್ನ ಹಿಂದೆಯೇ ನಿಂತಿದ್ದಳು. ಮುಂದೆ ಇವನು, ಹಿಂದೆ ಅವಳು... ಯಾ ಅಲ್ಲಾ, ಎಲ್ಲಿಗೆ ಹೋಗಲಿ?

“ಇಲ್ಲ...” ಎಂದಳು.

ಅವನು ಚಾಚಿದ ನಳಿಗೆಯಲ್ಲಿ ಉಗುಳಿದಳು. ನಳಿಗೆಯ ತುಂಬ ಕಂದು ಬಣ್ಣ!

ಬಿಲಾಲ ತಟ್ಟನೆ ನಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮೈಮುನಾಳತ್ತ ತಿರುಗಿದ. “ಖಾಲಾ, ಈ ನಳಿಗಿ ಸೋರಾಕತ್ತೈತಿ. ನಾಳೆ ಮುಂಜಾನೆ ಇನ್ನೊಮ್ಮೆ ಕಳಸ್ರಿ.”

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಮಿಶ್ರಿ ಮುಟ್ಟದೆ ಒಬ್ಬಳೇ ಬಂದಳು. ತಲೆ ಸಿಡಿಯುತ್ತಿತ್ತು.

“ಅಮ್ಮಿ ಹೇಳಿದ್ದು ಸುಳ್ಳರಿ. ಹಲ್ಲುನೋವಿಗಂತ ನನಗ ಮಿಶ್ರಿ ಹಚ್ಚಿದಾಕೀನ ಅಕಿ. ನಿಮಗ ಮೋಸ ಮಾಡಾಕ ಮನಸ್ಸಾಗ್ಲಿಲ್ಲ, ಅದಕ್ಕ ಒಲ್ಲೆ ಅಂದೆ...”

ಬಿಲಾಲ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. “ದಿನಾ ಮಂದಿ ಉಗುಳು ಮುಟ್ಟಾಂವ ಅಂತ ನನಗ ಹೇಸಿದ್ರಿ ಅನ್ಕೊಂಡಿದ್ನಲ್ರಿ!”

ಅಳು ನುಂಗುತ್ತಲೇ ಅವಳಿಗೆ ನಗು ಬಂತು. “ರಿಪೋರ್ಟ್ ಕೆಟ್ಟದ್ದು ಬಂದ್ರ?”

“ದವಾಖಾನಿಗಿ ಇಬ್ಬರೂ ಹೋಗೂಣು. ಕೆಟ್ಟದ್ದು ಬರ್ಲಿಲ್ಲಂದ್ರ ನೀವು ಮಿಶ್ರಿ ಬಿಡೂತನಕ ಇಬ್ಬರೂ ಜಗಳಾಡೂಣು.”

ಅವಳು ಸೆರಗಿನ ಮರೆಯಿಂದ ಮಿಶ್ರಿ ಡಬ್ಬಿ ತೆಗೆದು ಅವನ ಮೇಜಿನ ಮೇಲಿಟ್ಟಳು.

ಬಿಲಾಲ ಪೆನ್ನು ಹಿಡಿದ. “ಮಿಶ್ರಿ ತಿಕ್ಕೀರೇನ್ರಿ?”

“ಏಳು ವರ್ಷ ತಿಕ್ಕೀನ್ರಿ. ಇವತ್ತ ಇಲ್ಲ.”

“ಹುಡುಗ ಪಸಂದ ಏನ್ರಿ?”

“ಇದೂ ಫಾರ್ಮಿನ್ಯಾಗ ಐತೇನ್ರಿ?”

“ಇಲ್ರಿ. ನಾನ ಕೇಳಾಕತ್ತೀನಿ.”

ಫರಹೀನ ತಲೆ ತಗ್ಗಿಸಿದಳು. “ಅವತ್ತೂ ಪಸಂದ ಇದ್ರಿ...”