ಗಿಡಿಯೋನ ಅಜ್ಜನ ಖಮೀರು

“ಹಿಟ್ಟಿನ ಡಬ್ಬಿ ಮುಟ್ಟಬ್ಯಾಡ ಅಂದೆ ಇಲ್ಲೋ!” ಕ್ಯಾಥರಿನ ಅಜ್ಜಿ ಗದರಿದಳು.

ಮೊಮ್ಮಗಳು ಶರೋನ ಕೈ ಹಿಂತೆಗೆದಳು. “ಒಂದೇ ಮುಷ್ಟಿ ಅಜ್ಜಿ. ಖಮೀರಕ್ಕ ಹಾಕಬೇಕರಿ. ದಿನಾ ಉಣಿಸು, ಸಾಯ್ಲಿಕ್ಕಿ ಬಿಡಬ್ಯಾಡ ಅಂತ ಅಜ್ಜ ನನಗ ಹೇಳ್ಯಾರ.”

“ಅವರನ್ನ ಮಣ್ಣಿಗಿ ಇಟ್ಟು ಇನ್ನಾ ಒಂದು ದಿನ ಆಗಿಲ್ಲ. ಸತ್ತ ಮನ್ಯಾಗ ಹಿಟ್ಟು ಕಲಸ್ತಾರೇನು? ನಾಲ್ಕನೇ ದಿನದ ಪ್ರಾರ್ಥನಿ ಆಗಲಿ.”

ಖಮೀರೆಂದರೆ ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟು. ಐವತ್ತೈದು ವರ್ಷದ ಹಿಂದೆ ಗಿಡಿಯೋನ ಅಜ್ಜ ಬೀದರದಿಂದ ಅದನ್ನು ಜಾಡಿಯಲ್ಲಿ ತಂದು, ಈ ಕೆರೆಯ ದಂಡೆಯಲ್ಲಿ ಬೇಕರಿ ಇಟ್ಟಾಗ ಇಲ್ಲಿದ್ದದ್ದು ಜಾಲಿಗಿಡ, ಅಬ್ದುಲ ಗಫೂರನ ಚಹಾದ ಬಂಡಿ, ಅಷ್ಟೇ. ಚಹಾ, ಬ್ರೆಡ್ಡು ಸಿಗುತ್ತದೆಂದು ಔರಾದದ ಬಸ್ಸು ನಿಲ್ಲತೊಡಗಿತು. ಬಸ್ಸು ನಿಂತಲ್ಲಿ ಅಂಗಡಿಗಳಾದವು, ಶಾಲೆಯಾಯಿತು, ಊರಾಯಿತು. ಆ ಖಮೀರನ್ನು ಅಜ್ಜ ಒಂದು ದಿನವೂ ಉಪವಾಸ ಕೆಡವಿರಲಿಲ್ಲ.

ಶರೋನ ದಿನವೂ ಕೇಳಿದಳು. ಅಜ್ಜಿ ದಿನವೂ ಬೇಡವೆಂದಳು.

ನಾಲ್ಕನೇ ದಿನ ಪ್ರಾರ್ಥನೆ ಮುಗಿದೊಡನೆ ಶರೋನ ಜಾಡಿಯ ಮುಚ್ಚಳ ತೆಗೆದಳು. ಜೀವವಿದ್ದರೆ ಏಳುವ ಗುಳ್ಳೆ ಒಂದೂ ಇಲ್ಲ. ಮೇಲೆಲ್ಲ ಕಪ್ಪು ಬೂಷ್ಟು.

ಅಪ್ಪ ಜಾಕ್ಸನ ಇಣುಕಿ ನೋಡಿದ. “ಹೋಗ್ಲಿ ಬಿಡು. ಭಾಲ್ಕಿದಿಂದ ಈಸ್ಟ್ ಪಾಕೀಟು ತರ್ತೇನಿ.”

ಶರೋನ ಎದುರಿನ ಗಫೂರನ ಹೋಟೆಲಿಗೆ ಓಡಿದಳು. ಹಿಂದೆ ಅವನೂ ತನ್ನ ನಾನ್ ರೊಟ್ಟಿಗಾಗಿ ಅಜ್ಜನಿಂದ ಖಮೀರಿನ ಒಂದು ಉಂಡೆ ಒಯ್ದಿದ್ದ.

“ಗಫೂರ ದಾದಾ, ನಮ್ಮ ಖಮೀರು ನಿಮ್ಮ ಹಂತೇಕ ಅದ ಏನ್ರಿ?”

“ಇಲ್ಲ ಬೇಟಾ. ನಾನು ಪಾಕೀಟಿಗಿ ಬಿದ್ದು ಇಪ್ಪತ್ತು ವರ್ಷ ಆತು. ‘ಗಫೂರ್ಯಾ, ಅದರಿಂದ ನಾನ್ ಉಬ್ಬಂಗಿಲ್ಲ, ನಿನ್ನ ಹೊಟ್ಟಿ ಉಬ್ಬತದ’ ಅಂತ ನಿಮ್ಮಜ್ಜ ಬೈತಿದ್ದ.” ನಗಲು ಹೋದ ಮುದುಕ ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡ.

ರಸ್ತೆ ದಾಟುತ್ತ ಶರೋನ ಒಂದೇ ಮಾತು ಕಟ್ಟಿಕೊಂಡು ಬಂದಳು: ನೀವೇ ಕೊಂದ್ರಿ ಅಜ್ಜಿ, ನೀವೇ.

ಅಜ್ಜಿ ಬೇಕರಿಯ ಭಟ್ಟಿಯ ಮುಂದೆ ನೆಲದ ಮೇಲೆ ಕುಳಿತಿದ್ದಳು. ಜಾಡಿ ತೊಡೆಯ ಮೇಲಿತ್ತು. ಬೂಷ್ಟನ್ನು ಬೆರಳಿನಿಂದ ಸರಿಸುವಳು, ಮೂಸುವಳು, ಮತ್ತೆ ಸರಿಸುವಳು. ಮುಂಗೈತನಕ ಕಪ್ಪು ಹತ್ತಿತ್ತು.

“ಬಂದ್ಯಾ ಅವ್ವಾ? ನಿನ್ನ ಕಣ್ಣು ಛಲೋ ಅವ. ತಳದಾಗ ಒಂದೀಟು ಜೀವ ಉಳದದೇನು ನೋಡು. ನನಗ ಕಾಣವಲ್ದು.”

ಶರೋನ ನೋಡಿದಳು. ಏನೂ ಉಳಿದಿರಲಿಲ್ಲ.

“ತಡೀರಿ ಅಜ್ಜಿ, ನೋಡ್ತೇನಿ,” ಎಂದು ಪಕ್ಕದಲ್ಲಿ ಕುಳಿತು, ತಾನೂ ಜಾಡಿಯೊಳಗೆ ಬೆರಳಿಟ್ಟು ಹುಡುಕತೊಡಗಿದಳು.